ಮನೆ ನೀವೇ ಮಾರುತ್ತಿದ್ದೀರಿ, ಕೊಳ್ಳುವವರ ಏಜೆಂಟಿಗೆ ಕಮಿಷನ್ ಕೊಡಬೇಕಾ?

ಅಮೆರಿಕದ ಫ್ರಿಸ್ಕೊದಲ್ಲಿರುವ ಮೈಸೂರಿನವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಏಜೆಂಟ್ ಇಲ್ಲದೆ ತಾವೇ ಬೋರ್ಡ್ ನೆಟ್ಟು ಮನೆ ಮಾರಾಟಕ್ಕಿಟ್ಟಿದ್ದಾರೆ. "ಮೇಡಂ, ಕಮಿಷನ್ ಉಳೀಲಿ ಅಂತಾನೇ ನಾನೇ ಮಾರ್ತಿರೋದು. ಈಗ ಮನೆ ನೋಡಕ್ಕೆ ಬಂದವರ ಏಜೆಂಟು ಎರಡೂವರೆ ಪರ್ಸೆಂಟ್ ಕೇಳ್ತಿದ್ದಾರೆ. ಅವರನ್ನ ನಾನು ಕರೆದೇ ಇಲ್ವಲ್ಲ!"

ಕೊಡಲೇಬೇಕು ಎಂಬ ಕಾನೂನು ಇಲ್ಲ. ಆದರೆ ಕೂಡಲೇ "ಆಗಲ್ಲ" ಅಂದುಬಿಡಬೇಡಿ ಎಂದು ಅವರಿಗೆ ಹೇಳಿದೆ.

ಅಮೆರಿಕದಲ್ಲಿ ಮೊದಲೆಲ್ಲ ಮನೆ ಮಾರುವವರು 5-6 ಪರ್ಸೆಂಟ್ ಕಮಿಷನ್ ಕೊಡುತ್ತಿದ್ದರು. ಸುಮಾರು ಅರ್ಧ ಕೊಳ್ಳುವವರ ಏಜೆಂಟಿಗೆ ಹೋಗುತ್ತಿತ್ತು. ಎಷ್ಟು ಸಿಗುತ್ತದೆ ಎಂಬುದು ಏಜೆಂಟರು ನೋಡುವ ಎಂಎಲ್‌ಎಸ್ ಪಟ್ಟಿಯಲ್ಲೇ ಇರುತ್ತಿತ್ತು. ಇದರ ವಿರುದ್ಧ ಮನೆ ಮಾರಿದವರು ಕೋರ್ಟಿಗೆ ಹೋದರು. 2023ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿಯ ಜ್ಯೂರಿ ಅವರ ಪರ ನಿಂತಿತು. ಮರುವರ್ಷ ಏಜೆಂಟರ ರಾಷ್ಟ್ರೀಯ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಾಲ್ಟರ್ಸ್ 41.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

2024ರ ಆಗಸ್ಟ್ 17ರಿಂದ ಎಂಎಲ್‌ಎಸ್‌ನಲ್ಲಿ ಆ ಅಂಕಿ ಹಾಕುವಂತಿಲ್ಲ. ಮನೆ ತೋರಿಸುವ ಮೊದಲೇ ಏಜೆಂಟು ಕೊಳ್ಳುವವರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತನಗೆ ಎಷ್ಟು ಎಂಬುದೂ ಅದರಲ್ಲಿರಬೇಕು. ಅದಕ್ಕಿಂತ ಒಂದು ಡಾಲರ್ ಜಾಸ್ತಿಯನ್ನೂ ಯಾರಿಂದಲೂ ಪಡೆಯುವಂತಿಲ್ಲ. ನಿಮಗೆ ಮುಖ್ಯವಾದ ಸಾಲು ಇದೇ. ಹಾಗಾಗಿ ಮಾತಿಗೆ ಕೂರುವ ಮೊದಲು "ನಿಮ್ಮ ಒಪ್ಪಂದದಲ್ಲಿ ಎಷ್ಟು ಬರೆದಿದೆ?" ಎಂದು ಕೇಳಿ.

ಸರಿ, ಅವರ ಏಜೆಂಟಿಗೆ ಅವರೇ ಕೊಡಲಿ ಅನ್ನಬಹುದಲ್ವಾ? ಅನ್ನಬಹುದು. ಆದರೆ ಮೊದಲ ಮನೆ ಕೊಳ್ಳುವ ಎಷ್ಟೋ ಜನರ ಉಳಿತಾಯವೆಲ್ಲ ಡೌನ್ ಪೇಮೆಂಟಿಗೇ ಹೋಗಿರುತ್ತದೆ. ಕಮಿಷನ್ ಹಣವನ್ನು ಸಾಮಾನ್ಯವಾಗಿ ಗೃಹಸಾಲಕ್ಕೆ ಸೇರಿಸಲು ಆಗುವುದಿಲ್ಲ. ನೀವು "ಕೊಡಲ್ಲ" ಅಂದರೆ ಇಂಥವರು ಪಕ್ಕದ ಬೀದಿಯ ಮನೆ ನೋಡುತ್ತಾರೆ.

ಆದ್ದರಿಂದ ಪರ್ಸೆಂಟಿಗಿಂತ ಕೊನೆಗೆ ಕೈಗೆ ಬರುವ ಹಣ ನೋಡಿ. 5,00,000 ಡಾಲರ್ ಹೇಳಿದ ಮನೆಗೆ ಎರಡು ಆಫರ್ ಬಂದಿವೆ ಎನ್ನಿ. ಒಬ್ಬರು 4,95,000 ಕೊಡುತ್ತಾರೆ, ಏಜೆಂಟಿಗೆ ಎರಡೂವರೆ ಪರ್ಸೆಂಟ್ ನೀವು ಕೊಡಬೇಕು. ಅಂದರೆ 12,375 ಕಳೆದು 4,82,625. ಇನ್ನೊಬ್ಬರಿಗೆ ಏಜೆಂಟೇ ಇಲ್ಲ, 4,78,000 ಎನ್ನುತ್ತಾರೆ. ಕಮಿಷನ್ ಕೊಟ್ಟರೂ ಮೊದಲನೆಯದೇ ಮೇಲು. ಸುಮ್ನೆ ಹಠ ಹಿಡಿದು ಒಳ್ಳೆಯ ಆಫರ್ ಕಳೆದುಕೊಂಡವರನ್ನು ನೋಡಿದ್ದೇನೆ. ನನಗೆ ನಿಜಕ್ಕೂ ಬೇಸರವಾಗುತ್ತದೆ.

ಕೊಡುವುದು ಎಂದಾದರೆ ಬಾಯಿಮಾತು ಬೇಡ. ಎಷ್ಟು, ಯಾವ ಬ್ರೋಕರೇಜಿಗೆ (ಏಜೆಂಟಿನ ಸಂಸ್ಥೆಗೆ), ಮಾರಾಟ ಮುಗಿದರೆ ಮಾತ್ರ ಎಂದು ಬರೆದು ಸಹಿ ಮಾಡಿಸಿ. ಹಣ ನಿಮ್ಮ ಕೈಯಿಂದ ಚೆಕ್ಕಿನಲ್ಲಿ ಹೋಗುವುದು ಬೇಡ. ಕ್ಲೋಸಿಂಗ್ ದಿನ, ಅಂದರೆ ಮಾರಾಟ ಪೂರ್ತಿಯಾಗುವ ದಿನ, ಹಣ-ಕಾಗದಪತ್ರ ನೋಡಿಕೊಳ್ಳುವ ಟೈಟಲ್ ಕಂಪನಿಯೇ ನಿಮಗೆ ಬರುವ ಮೊತ್ತದಲ್ಲಿ ಹಿಡಿದು ಕಳಿಸುತ್ತದೆ. ಇದು ಮಾರಾಟದ ಖರ್ಚು. ತೆರಿಗೆಗೆ ಲಾಭ ಲೆಕ್ಕ ಹಾಕುವಾಗ ಕಳೆಯಬಹುದು, ಕಾಗದ ಜೋಪಾನವಾಗಿಡಿ.

ಮನೆ ಮಾರುವ ಹೊತ್ತಿಗೆ ಬೆಂಗಳೂರಿಗೆ ವಾಪಸಾಗಿ ನೆಲೆಸಿರುವವರಿಗೆ ಒಂದು ಮಾತು. ಅಮೆರಿಕದ ತೆರಿಗೆ ಲೆಕ್ಕದಲ್ಲಿ ನೀವು ಆಗ ವಿದೇಶಿಯಾಗಿದ್ದರೆ, ಕೆಲವು ವಿನಾಯಿತಿ ಬಿಟ್ಟರೆ, ಕೊಳ್ಳುವವರು ಬೆಲೆಯ 15 ಪರ್ಸೆಂಟ್ ಹಿಡಿದು ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟಬೇಕು. ಅದು ಪೂರ್ತಿ ಬೆಲೆಯ ಮೇಲೆ, ಕಮಿಷನ್ ಕಳೆದ ಮೇಲಿನ ಮೊತ್ತದ ಮೇಲಲ್ಲ.

ಇನ್ನೊಂದು ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ದುಡ್ಡು ನಿಮ್ಮದಾದರೂ ಆ ಏಜೆಂಟು ನಿಮ್ಮವರಲ್ಲ. ಅವರ ನಿಷ್ಠೆ ಕೊಳ್ಳುವವರಿಗೆ. "ಇನ್ನು ಹತ್ತು ಸಾವಿರ ಇಳಿಸಬಲ್ಲೆ" ಎಂದು ಕಾಫಿ ಕೊಡುತ್ತಾ ಹೇಳಿದರೂ ಅದು ಸೀದಾ ಅವರ ಕಿವಿಗೆ ಹೋಗುತ್ತದೆ. ಕಾಗದಪತ್ರ ನೋಡಲು ನಿಮ್ಮ ಕಡೆಯಿಂದ ಒಬ್ಬ ರಿಯಲ್ ಎಸ್ಟೇಟ್ ವಕೀಲರನ್ನು ಇಟ್ಟುಕೊಳ್ಳಿ.

ಮೈಸೂರಿನವರು ಆ ಸಂಜೆಯೇ ಒಪ್ಪಂದದ ಅಂಕಿ ಕೇಳಿದರಂತೆ. ಅದರಲ್ಲಿದ್ದದ್ದು ಎರಡೇ ಪರ್ಸೆಂಟ್.