ಮಂಡಿ ನೋವಿದೆ, ನಡೆಯೋಕಾಗಲ್ಲ: ಹಾಗಾದ್ರೆ ತೂಕ ಇಳಿಸೋದು ಹೇಗೆ?

ಮೂಳೆ ಡಾಕ್ಟರ ಹತ್ತಿರ ತೋರಿಸಿಕೊಂಡು ಊಟದ ಸಲಹೆಗೆ ನನ್ನ ಬಳಿ ಬರುವವರಲ್ಲಿ ಐವತ್ತು ದಾಟಿದ ಹೆಂಗಸರೇ ಜಾಸ್ತಿ. ಚೀಟಿಯಲ್ಲಿ ಮಂಡಿ ಸವೆತ ಅಂತ ಇರುತ್ತದೆ, ಕೆಳಗೆ ತೂಕ ಇಳಿಸಬೇಕು ಅಂತ ಇರುತ್ತದೆ. ಅವರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. "ನಾಲ್ಕು ಹೆಜ್ಜೆ ಇಡೋಕಾಗಲ್ಲ ಮೇಡಂ, ತೂಕ ಎಲ್ಲಿಂದ ಇಳಿಸ್ಲಿ? ಮೊದ್ಲು ನೋವು ಹೋಗ್ಲಿ, ಆಮೇಲೆ ವಾಕಿಂಗ್ ಶುರು ಮಾಡ್ತೀನಿ."

ಈ ಲೆಕ್ಕ ತಿರುಗುಮುರುಗಾಗಿದೆ. ನೋವು ಹೋಗಲಿ ಅಂತ ಕಾಯುತ್ತಾ ಕೂತರೆ ತೂಕ ಏರುತ್ತದೆ, ತೂಕ ಏರಿದಷ್ಟೂ ನೋವು ಜಾಸ್ತಿ ಆಗುತ್ತದೆ. ತೂಕ ಇಳಿಸೋಕೆ ನಡೆಯಲೇಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಬಲವಾಗಿದೆ ಅಂದರೆ, ನಡೆಯೋಕಾಗದವರು ಊಟದ ಕಡೆ ನೋಡುವುದನ್ನೂ ಬಿಟ್ಟುಬಿಡುತ್ತಾರೆ. ನನಗೆ ತುಂಬಾ ಬೇಸರ ಆಗುವುದು ಅದಕ್ಕೇ.

ಒಂದು ಸಣ್ಣ ಲೆಕ್ಕ ನೋಡಿ. 80 ಕೆಜಿ ತೂಕದವರು ಅರ್ಧ ಗಂಟೆ ನಿಧಾನಕ್ಕೆ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ ಮೂರನೇ ಒಂದು ಭಾಗ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ಇನ್ನು ಅಡುಗೆಮನೆ ಕಡೆ ಬನ್ನಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸರಿಸುಮಾರು 120 ಕ್ಯಾಲೊರಿ ಇದೆ. ಅಂದರೆ ಒಗ್ಗರಣೆಗೆ ಕಣ್ಣಂದಾಜಿನಲ್ಲಿ ಸುರಿದ ಒಂದು ಚಮಚ ಎಣ್ಣೆ, ಅರ್ಧ ಗಂಟೆಯ ನಡಿಗೆಯನ್ನು ಅಲ್ಲಿಗಲ್ಲಿಗೆ ಸಮ ಮಾಡಿಬಿಡುತ್ತದೆ.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಮಂಡಿ ಸವೆತ ಇರುವ, ತೂಕ ಜಾಸ್ತಿ ಇರುವ 454 ಜನರನ್ನು 18 ತಿಂಗಳು ನೋಡಿದರು. ಫಲಿತಾಂಶ 2013ರಲ್ಲಿ ಬಂತು. ಬರೀ ವ್ಯಾಯಾಮ ಮಾಡಿದವರು ಇಳಿಸಿದ್ದು ಸರಾಸರಿ 1.8 ಕೆಜಿ. ಬರೀ ಊಟ ಬದಲಿಸಿದವರು ಇಳಿಸಿದ್ದು 8.9 ಕೆಜಿ. ಎರಡನ್ನೂ ಮಾಡಿದವರು 10.6 ಕೆಜಿ. ತೂಕ ಇಳಿಸಿದ್ದು ಹೆಚ್ಚಾಗಿ ಊಟವೇ ಅನ್ನುವುದು ಇದರಲ್ಲಿ ಕಾಣುತ್ತದೆ. ಆದರೆ ನೋವು ಎಲ್ಲರಿಗಿಂತ ಕಡಿಮೆಯಾದದ್ದು ಎರಡನ್ನೂ ಮಾಡಿದವರಿಗೆ. ಹಾಗಾಗಿ ವ್ಯಾಯಾಮ ಬೇಕೇ ಬೇಕು, ಆದರೆ ಅದರ ಕೆಲಸ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ವಿಶ್ವವಿದ್ಯಾಲಯದವರು 2005ರಲ್ಲಿ ಇನ್ನೊಂದು ವಿಷಯ ತೋರಿಸಿಕೊಟ್ಟಿದ್ದರು. ಮೈತೂಕ 1 ಕೆಜಿ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ 4 ಕೆಜಿಯಷ್ಟು ಕಡಿಮೆ ಆಗುತ್ತದೆ. ಐದು ಕೆಜಿ ಇಳಿಸಿದವರಿಗೆ ಹೆಜ್ಜೆಗೆ 20 ಕೆಜಿ. ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಹೆಜ್ಜೆ ಇಡುತ್ತೀರಿ, ನೀವೇ ಲೆಕ್ಕ ಹಾಕಿ. ಅದಕ್ಕೇ ನಾನು "60 ಕೆಜಿಗೆ ಬನ್ನಿ" ಅಂತ ಯಾರಿಗೂ ಹೇಳುವುದಿಲ್ಲ. 82 ಕೆಜಿ ಇರುವವರಿಗೆ ಮೊದಲ ಗುರಿ 78. ಆಮೇಲಿನದು 74. ಅಷ್ಟಕ್ಕೇ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಊಟದ ವಿಷಯ ಶುರು ಮಾಡಿದರೆ ಮೊದಲು ಬರುವ ಉತ್ತರ, "ನಾನು ತಿನ್ನೋದೇ ಕಮ್ಮಿ." ಅವರು ಸುಳ್ಳು ಹೇಳುತ್ತಿಲ್ಲ. ತಟ್ಟೆ ಇಟ್ಟುಕೊಂಡು ಕೂತು ತಿನ್ನುವುದು ನಿಜವಾಗಲೂ ಕಡಿಮೆಯೇ. ಲೆಕ್ಕಕ್ಕೆ ಸಿಗದೆ ಹೋಗುವುದು ನಿಂತಲ್ಲೇ ತಿಂದದ್ದು. ಮೊಮ್ಮಗು ಬಿಟ್ಟ ಅರ್ಧ ದೋಸೆ. ದಂಡ ಆಗುತ್ತಲ್ಲ ಅಂತ ಮಧ್ಯಾಹ್ನ ತಳದಲ್ಲಿ ಉಳಿದ ಅನ್ನಕ್ಕೆ ಮೊಸರು ಕಲಸಿ ಮುಗಿಸಿದ್ದು. ಸಂಜೆ ಕಾಫಿ ಜೊತೆ ಡಬ್ಬಿಯಿಂದ ತೆಗೆದ ಎರಡು ಕೋಡುಬಳೆ, ಒಂದು ನಿಪ್ಪಟ್ಟು. ಹಾಗೇ ಕಾಫಿಯದ್ದೂ ಒಂದು ಲೆಕ್ಕ ಇದೆ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ 160 ಕ್ಯಾಲೊರಿ. ಹಾಲಿನದ್ದು ಬೇರೆ.

ಉಪವಾಸದ ಬಗ್ಗೆಯೂ ಹೇಳಬೇಕು. "ಶನಿವಾರ ಒಪ್ಪೊತ್ತು ಮಾಡ್ತೀನಿ, ಸಂಕಷ್ಟಿ ಮಾಡ್ತೀನಿ, ಆದ್ರೂ ತೂಕ ಇಳಿಯಲ್ಲ" ಅನ್ನುವವರು ತುಂಬಾ ಜನ. ಒಪ್ಪೊತ್ತಿನ ದಿನ ಏನು ತಿಂತೀರಾ ಅಂದರೆ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಸಂಜೆ ಸಬ್ಬಕ್ಕಿ ಉಪ್ಪಿಟ್ಟು, ಮಧ್ಯದಲ್ಲಿ ಬಾಳೆಹಣ್ಣು, ಹಾಲು, ಹುರಿದ ಶೇಂಗಾ. ದೇವರಿಗೆ ಮಾಡುವ ವ್ರತ ಮಾಡಿ, ನನ್ನ ಅಭ್ಯಂತರ ಇಲ್ಲ. ಆದರೆ ಅದನ್ನು ತೂಕದ ಲೆಕ್ಕಕ್ಕೆ ಸೇರಿಸಬೇಡಿ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ, ನಿಂಬೆರಸ ಹಿಂಡಿ ಕುಡಿಯುವುದೂ ಅಷ್ಟೇ. ಕೊಬ್ಬು ಕರಗಿಸುವ ಶಕ್ತಿ ಅದಕ್ಕಿಲ್ಲ, ಜೇನುತುಪ್ಪದಲ್ಲೂ ಸಕ್ಕರೆಯೇ ಇರುವುದು.

ಇನ್ನು ಮುದ್ದೆ. ನಮ್ಮ ಕಡೆ ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ತಿಂದರೆ ಇಳಿದುಬಿಡುತ್ತೇವೆ ಅಂದುಕೊಳ್ಳುತ್ತಾರೆ. 100 ಗ್ರಾಂ ಅಕ್ಕಿಯಲ್ಲಿ 350 ಕ್ಯಾಲೊರಿ ಇದ್ದರೆ 100 ಗ್ರಾಂ ರಾಗಿಯಲ್ಲಿ 320ರ ಆಸುಪಾಸು ಇರುತ್ತದೆ. ವ್ಯತ್ಯಾಸ ಅಷ್ಟೇ. ರಾಗಿಯಲ್ಲಿ ನಾರಿನಂಶ ಇದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಹಾಗಾಗಿ ಮುದ್ದೆ ಒಳ್ಳೆಯದೇ. ಆದರೆ ಮುದ್ದೆಯ ಗಾತ್ರ ನೋಡಬೇಕು. ಹೊಲದಲ್ಲಿ ದಿನವಿಡೀ ದುಡಿಯುವವರ ಮುದ್ದೆ, ಮಂಡಿ ನೋವಿಗೆ ಮನೆಯಲ್ಲಿ ಕೂತವರ ತಟ್ಟೆಗೆ ಬಂದರೆ ಹೇಗೆ?

ನಾನು ಊಟದಲ್ಲಿ ಮೊದಲು ಕೈ ಹಾಕುವುದು ಎಣ್ಣೆಗೆ. "ದಿನಕ್ಕೆ ಎಷ್ಟು ಎಣ್ಣೆ ಹಾಕ್ತೀರಾ" ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. "ತಿಂಗಳಿಗೆ ಎಷ್ಟು ಪ್ಯಾಕೆಟ್ ತರ್ತೀರಾ, ಮನೇಲಿ ಎಷ್ಟು ಜನ" ಅಂದರೆ ತಕ್ಷಣ ಉತ್ತರ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಅಂತ ಇದೆ. ನಾಲ್ಕು ಜನರ ಮನೆಗೆ ಅದು ತಿಂಗಳಿಗೆ ಮೂರೂವರೆ ಲೀಟರ್ ಹತ್ತಿರ ಆಗುತ್ತದೆ. ಐದು, ಆರು ಪ್ಯಾಕೆಟ್ ಖಾಲಿ ಮಾಡುವ ಮನೆಗಳೇ ನನ್ನ ಹತ್ತಿರ ಜಾಸ್ತಿ ಬರುವುದು. ತೂಕ ಇಳಿಸುವವರಿಗೆ ದಿನಕ್ಕೆ ಮೂರರಿಂದ ನಾಲ್ಕು ಸಣ್ಣ ಚಮಚ ಸಾಕು. ಬಾಟಲಿಯಿಂದ ಬಾಣಲೆಗೆ ಸುರಿಯಬೇಡಿ. ಚಮಚದಲ್ಲಿ ಅಳೆದು ಹಾಕಿ. ತೆಂಗಿನಕಾಯಿಯೂ ಹೀಗೇ ಅಂತ ಮರೆಯಬೇಡಿ. ಪಲ್ಯಕ್ಕೆ, ಸಾರಿಗೆ, ಚಟ್ನಿಗೆ ಮೂರಕ್ಕೂ ತುರಿ ಹಾಕುವ ಮನೆಯಲ್ಲಿ ಯಾವುದಾದರೂ ಒಂದಕ್ಕೆ ಇರಲಿ.

ತಟ್ಟೆಯಲ್ಲಿ ಏನನ್ನು ಜಾಸ್ತಿ ಮಾಡಬೇಕು ಅಂದರೆ ನಾನು ಬಸ್ಸಾರಿನ ಹೆಸರು ಹೇಳುತ್ತೇನೆ. ದಂಟಿನ ಸೊಪ್ಪು, ಹೆಸರುಕಾಳು ಅಥವಾ ಹುರುಳಿಕಾಳು ಬೇಯಿಸಿ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ನಾವು ಮಾಡುವ ತಪ್ಪು ಏನೆಂದರೆ ಮುದ್ದೆ ದೊಡ್ಡದು, ಪಲ್ಯ ನೆಂಚಿಕೊಳ್ಳುವಷ್ಟು. ಇದನ್ನು ಅದಲುಬದಲು ಮಾಡಿ. ಮೊದಲು ಒಂದು ದೊಡ್ಡ ಬಟ್ಟಲು ಕಾಳು-ಸೊಪ್ಪಿನ ಪಲ್ಯ ತಿನ್ನಿ, ಆಮೇಲೆ ಸಾರಿನ ಜೊತೆ ಕಿತ್ತಳೆ ಗಾತ್ರದ ಒಂದು ಮುದ್ದೆ. ಅದರ ಮೇಲೆ ಇನ್ನೆರಡು ಸೌಟು ಅನ್ನ ಬೇಡ. ಹಸಿದು ಮಲಗಬೇಕಾಗಿಲ್ಲ, ಹೊಸ ಅಡುಗೆ ಕಲಿಯಬೇಕಾಗಿಯೂ ಇಲ್ಲ.

ಕಾಳಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮಂಡಿಯನ್ನು ಹಿಡಿದಿಟ್ಟಿರುವುದೇ ತೊಡೆಯ ಸ್ನಾಯು. ಅದು ಸೊರಗಿದರೆ ತೂಕ ಇಳಿದೂ ನೋವು ಉಳಿಯುತ್ತದೆ. ಎರಡು ಹೊತ್ತು ಗಂಜಿ ಕುಡಿದು ಒಂದೇ ತಿಂಗಳಲ್ಲಿ ಆರು ಕೆಜಿ ಇಳಿಸಿಕೊಂಡು ಬರುವವರನ್ನು ನೋಡಿದರೆ ನನಗೆ ಸಂತೋಷ ಆಗುವುದಿಲ್ಲ, ಭಯ ಆಗುತ್ತದೆ. ಕಿಡ್ನಿ ಸರಿ ಇರುವ, ಐದಡಿ ಎತ್ತರದ ಹೆಂಗಸಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ನಾನು ನೋಡುತ್ತೇನೆ. ಎರಡು ಮೊಟ್ಟೆಯಿಂದ 12 ಗ್ರಾಂ, ಹಾಲು-ಮೊಸರು ಸೇರಿ ಎರಡು ಲೋಟಕ್ಕೆ ಸುಮಾರು 13, ಒಂದು ಹಿಡಿ ಮೀರಿದ ಕಾಳು-ಬೇಳೆಯಿಂದ 14, ಮಿಕ್ಕಿದ್ದು ರಾಗಿ, ಗೋಧಿ, ಅಕ್ಕಿಯಿಂದ ಬರುತ್ತದೆ. ಮೊಟ್ಟೆ ತಿನ್ನದವರು ಕಾಳು, ಸೋಯಾ, ಪನೀರ್ ಜಾಸ್ತಿ ಮಾಡಿಕೊಳ್ಳಬೇಕು. ಹೆಸರುಬೇಳೆ ಕೋಸಂಬರಿ ಹಬ್ಬಕ್ಕೇ ಯಾಕೆ, ವಾರಕ್ಕೆ ಮೂರು ದಿನ ಮಾಡಬಹುದಲ್ವಾ?

ಈಗ ವ್ಯಾಯಾಮಕ್ಕೆ ಬರೋಣ. ತೂಕಕ್ಕಲ್ಲ, ಸ್ನಾಯು ಉಳಿಸಿಕೊಳ್ಳುವುದಕ್ಕೆ. ಇದಕ್ಕೆ ಪಾರ್ಕ್ ಬೇಡ, ಶೂ ಬೇಡ. ಮಂಚದ ಮೇಲೆ ಕಾಲು ಚಾಚಿ ಕೂತು, ಟವೆಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗೆ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ, ಬಿಡಿ. ತೊಡೆಯ ಮೇಲೆ ಕೈ ಇಟ್ಟು ನೋಡಿದರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ. ಗಟ್ಟಿಯಾಗದಿದ್ದರೆ ಒತ್ತಿದ್ದು ಸಾಲದು ಅಂತ ಅರ್ಥ. ಹತ್ತು ಸಲ ಸಾಕು. ಉಸಿರು ಬಿಗಿ ಹಿಡಿಯಬೇಡಿ, ಜೋರಾಗಿ ಎಣಿಸಿದರೆ ಉಸಿರು ತಾನಾಗೇ ಆಡುತ್ತದೆ. ಬಿಪಿ ಇರುವವರಿಗೆ ಇದು ಮುಖ್ಯ. ಆಮೇಲೆ ಕುರ್ಚಿ. ಕೂತಲ್ಲೇ ಒಂದು ಕಾಲನ್ನು ನೇರ ಮಾಡಿ, ಐದು ಎಣಿಸಿ, ನಿಧಾನಕ್ಕೆ ಇಳಿಸಿ. ಕಾಲು ಬದಲಿಸಿ. ನಾಲ್ಕೈದು ವಾರ ಆದಮೇಲೆ ಎತ್ತರದ, ಗಟ್ಟಿ ಕುರ್ಚಿಯಿಂದ ಕೈ ಊರಿಕೊಂಡು ಎದ್ದು ಕೂರುವುದು. ಅರ್ಧ ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿದರೆ ತೋಳಿಗೂ ಕೆಲಸ. ಇದನ್ನೆಲ್ಲ ಒಂದು ಸಲ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತೋರಿಸಿಕೊಂಡು ಬಂದರೆ ಒಳ್ಳೆಯದು. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ ಯಾವ ವ್ಯಾಯಾಮವೂ ಬೇಡ, ಡಾಕ್ಟರ ಹತ್ತಿರ ಹೋಗಿ.

ಕೆಲವು ವಿಷಯಗಳಲ್ಲಿ ಅವಸರ ಮಾಡಲೇಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುತ್ತಾ ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು ಅದರ ಗುರುತು. ಊಟ ಬದಲಿಸುವ ಮೊದಲೇ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡಬೇಕಾಗಬಹುದು. ತೂಕ ಇಳಿದಂತೆ ಅದೇ ಡೋಸಿನ ಬಿಪಿ ಮಾತ್ರೆಯೂ ಮೈಗೆ ಜಾಸ್ತಿಯಾಗಿ ತಲೆಸುತ್ತು ಬರಬಹುದು. ಕಿಡ್ನಿ ತೊಂದರೆ ಇದ್ದವರು ನಾನು ಮೇಲೆ ಹೇಳಿದ ಪ್ರೋಟೀನ್ ಲೆಕ್ಕವನ್ನು ಹಾಗೇ ಅನುಸರಿಸಬಾರದು. ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಊಟ ಬಿಟ್ಟು ಸರಿ ಮಾಡುವ ವಿಷಯ ಅಲ್ಲ ಅದು, ಆ ದಿನವೇ ಡಾಕ್ಟರಿಗೆ ತಿಳಿಸಬೇಕು.

ಥೈರಾಯ್ಡ್ ಬಗ್ಗೆ ದಿನಾ ಕೇಳುತ್ತಾರೆ. ಥೈರಾಯ್ಡ್ ಕಡಿಮೆಯಾದರೆ ತೂಕ ಏರುವುದು ನಿಜ, ಆದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕೆಜಿ. ಅದರಲ್ಲೂ ಬಹುಪಾಲು ಉಪ್ಪು, ನೀರಿನ ತೂಕ. ಮಾತ್ರೆ ಸರಿಯಾಗಿ ನುಂಗುತ್ತಿದ್ದು ರಿಪೋರ್ಟ್ ಸರಿ ಇದ್ದರೆ, 25 ಕೆಜಿ ಹೆಚ್ಚುವರಿ ತೂಕಕ್ಕೆ ಥೈರಾಯ್ಡನ್ನೇ ಕಾರಣ ಅನ್ನಲಾಗದು.

ತೂಕದ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಹಸಿವು ಕಡಿಮೆ ಮಾಡುವ ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನನ್ನು ಮಂಡಿ ಸವೆತ ಇರುವ ದಪ್ಪ ಜನರಿಗೇ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. 68 ವಾರಗಳಲ್ಲಿ ಅವರ ತೂಕ ಸರಾಸರಿ ಶೇಕಡಾ 13.7ರಷ್ಟು ಇಳಿಯಿತು, ನೋವೂ ಕಡಿಮೆ ಆಯಿತು. ನಡೆಯೋಕೇ ಆಗದವರಿಗೆ ಇದು ನಿಜವಾದ ದಾರಿ, ಅದನ್ನು ತೆಗೆದುಕೊಳ್ಳುವವರನ್ನು ಸೋಮಾರಿಗಳು ಅನ್ನುವುದು ಅನ್ಯಾಯ. ಆದರೆ ಡಾಕ್ಟರು ನೋಡಿ ಬರೆದುಕೊಡಬೇಕು. ಹಸಿವೇ ಆಗದೆ ಪ್ರೋಟೀನ್ ತಪ್ಪಿಹೋಗದಂತೆ ಊಟ ನೋಡಿಕೊಳ್ಳಬೇಕು. ನಿಲ್ಲಿಸಿದ ಮೇಲೆ ಇಳಿದ ತೂಕದ ಬಹುಪಾಲು ವಾಪಸ್ ಬರುವುದು ಸಾಮಾನ್ಯ, ಇದು ಗೊತ್ತಿದ್ದೇ ಶುರು ಮಾಡಬೇಕು.

ಮನೆಯವರಿಗೆ ನನ್ನದೊಂದು ಕೋರಿಕೆ. "ನೀನು ಮೈ ಬಗ್ಗಿಸಲ್ಲ, ಅದಕ್ಕೇ ಹಿಂಗಾಗಿದೆ" ಅನ್ನುವ ಮಾತು ನಿಲ್ಲಿಸಿ. ನೋವು ತಿನ್ನುತ್ತಿರುವವರಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ನನ್ನ ಎದುರು ಕೂತು ಅತ್ತವರನ್ನು ನೋಡಿ ಹೇಳುತ್ತಿದ್ದೇನೆ. ಅದರ ಬದಲು ಕೆಲಸಕ್ಕೆ ಬರುವುದನ್ನು ಮಾಡಿ. ಅವರ ಕುರ್ಚಿಯನ್ನು ಎತ್ತರ ಮಾಡಿಸಿ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಇದ್ದರೆ ಕಮೋಡ್ ಕುರ್ಚಿ ತಂದಿಡಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ. ಕೂತು ಏಳುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟ ಹೆಂಗಸರು ತುಂಬಾ ಇದ್ದಾರೆ. ಮನೆಯ ಎಲ್ಲರಿಗೂ ಒಂದೇ ಅಡುಗೆ ಇರಲಿ. ಅಮ್ಮನಿಗೆ ಬೇರೆ ಸಪ್ಪೆ ಪಲ್ಯ, ಮಿಕ್ಕವರಿಗೆ ಬೋಂಡಾ ಅಂದರೆ ಅದು ಹದಿನೈದು ದಿನವೂ ನಡೆಯುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ, ಬೆಳಿಗ್ಗೆ ಏನೂ ತಿನ್ನುವ ಮೊದಲು ನೋಡಿ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ ಅಳೆಯಿರಿ. ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಇಳಿದರೆ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ಮೂರು ನಾಲ್ಕು ತಿಂಗಳ ಮೇಲೆ ಮುಳ್ಳು ಅಲ್ಲಾಡದೆ ನಿಲ್ಲುವುದು ಸಹಜ. ಮೈ ಹಗುರಾದಂತೆ ಅದಕ್ಕೆ ಬೇಕಾಗುವ ಊಟವೂ ಕಡಿಮೆ ಆಗುತ್ತದೆ. ಆಗ ಊಟವನ್ನು ಇನ್ನಷ್ಟು ಕತ್ತರಿಸಲು ಹೋಗಬೇಡಿ. ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ, ನಿಂತಲ್ಲೇ ತಿಂದದ್ದೂ ಸೇರಿ, ಒಂದು ಪುಸ್ತಕದಲ್ಲಿ ಬರೆದುಕೊಂಡು ನಿಮ್ಮ ಡಯಟೀಷಿಯನ್ ಹತ್ತಿರ ತೆಗೆದುಕೊಂಡು ಹೋಗಿ. ಎಲ್ಲಿ ಸರಿ ಮಾಡಬೇಕು ಅನ್ನುವುದು ಸಾಮಾನ್ಯವಾಗಿ ಎರಡನೇ ಪುಟದೊಳಗೇ ಸಿಗುತ್ತದೆ.