ನರಕ್ಕೆ ಪೆಟ್ಟಾದ ಮೇಲೆ ಸ್ನಾಯುವಿಗೆ ಎಷ್ಟು ಕೆಲಸ ಕೊಡಬೇಕು?

ಬೈಕಿನಿಂದ ಬಿದ್ದೋ ಗಾಜು ಕುಯ್ದೋ ಕೈಯ ನರಕ್ಕೆ ಪೆಟ್ಟಾದವರು ಸಾಮಾನ್ಯವಾಗಿ ಕೇಳುವುದು ಒಂದೇ: ಜಾಸ್ತಿ ವ್ಯಾಯಾಮ ಮಾಡಿದರೆ ಬೇಗ ಸರಿಹೋಗುತ್ತಾ? ವೈದ್ಯರ ಉತ್ತರ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ.

ನರದ ಸಂಪರ್ಕ ಪೂರ್ತಿ ತಪ್ಪಿದ ಸ್ನಾಯುವಿಗೆ ವ್ಯಾಯಾಮ ಮಾಡಿಸುವುದಾದರೂ ಹೇಗೆ? ನಾವು ಎಷ್ಟೇ ಪ್ರಯತ್ನಪಟ್ಟರೂ ಅದು ಅಲುಗುವುದಿಲ್ಲ. ಸುಮ್ನೆ ಸೊರಗುತ್ತಾ ಹೋಗುತ್ತದೆ. ಸ್ಕಾಟ್ಲೆಂಡಿನ ಜಾನ್ ರೀಡ್ 1841ರಲ್ಲಿ ಒಂದು ಅಡ್ಡದಾರಿ ತೋರಿಸಿದರು. ಕಪ್ಪೆಯ ಎರಡೂ ಹಿಂಗಾಲಿನ ನರ ಕತ್ತರಿಸಿ, ಒಂದು ಕಾಲಿಗೆ ಮಾತ್ರ ದಿನವೂ ಸಣ್ಣಗೆ ಕರೆಂಟ್ ಕೊಟ್ಟರು. ಎರಡು ತಿಂಗಳಾದರೂ ಆ ಕಾಲು ಗಟ್ಟಿಯಾಗಿಯೇ ಇತ್ತು. ಇನ್ನೊಂದರ ಸ್ನಾಯು ಅರ್ಧಕ್ಕಿಳಿದಿತ್ತು.

ಕತ್ತರಿಸಿದ ಜಾಗದಿಂದ ಕೆಳಗಿನ ನರತಂತು ಸತ್ತೇ ಹೋಗುತ್ತದೆ ಎಂದು ಅಗಸ್ಟಸ್ ವಾಲರ್ 1850ರಲ್ಲಿ ತೋರಿಸಿದರು. ಹೊಸ ತಂತು ಮೇಲಿನಿಂದ ಬೆಳೆದು ಬರಬೇಕು, ಅದೂ ದಿನಕ್ಕೆ ಸುಮಾರು 1 ಮಿ.ಮೀ. ವೇಗದಲ್ಲಿ. ಭುಜದ ಹತ್ತಿರ ಪೆಟ್ಟಾದರೆ ಅಂಗೈ ಮುಟ್ಟಲು ವರ್ಷ ಮೀರುತ್ತದೆ. ಅಷ್ಟರಲ್ಲಿ ಸ್ನಾಯು ನರವನ್ನು ಸೇರಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿರುತ್ತದೆ.

ಎರಡನೇ ಮಹಾಯುದ್ಧದ ಗಾಯಾಳುಗಳು ಈ ವಿಷಯಕ್ಕೆ ಮತ್ತೆ ಜೀವ ಕೊಟ್ಟರು. ಪೆಟ್ಟಾದ ನರಗಳೆಲ್ಲ ಒಂದೇ ಥರ ಅಲ್ಲ ಎಂದು ಆಕ್ಸ್‌ಫರ್ಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಮೂರು ಬಗೆಗಳನ್ನು ಬಿಡಿಸಿ ಹೇಳಿದರು. ಆಕ್ಸ್‌ಫರ್ಡಿನಲ್ಲೇ ಅರ್ನೆಸ್ಟ್ ಗುಟ್ಮನ್ ಮತ್ತು ಲುಡ್ವಿಗ್ ಗುಟ್ಮನ್ ಮೊಲಗಳ ಮೇಲೆ ಕರೆಂಟಿನ ವ್ಯಾಯಾಮ ಪರೀಕ್ಷಿಸಿದರು. ಸ್ನಾಯು ಸೊರಗುವುದು ಕಡಿಮೆಯಾಯಿತು. (ಮುಂದೆ ಪ್ಯಾರಾಲಿಂಪಿಕ್ಸ್‌ಗೆ ದಾರಿ ಮಾಡಿದವರು ಇದೇ ಲುಡ್ವಿಗ್.)

ಆಮೇಲೆ ಬಂದದ್ದು ಭಯ. ಅರ್ಧ ನರ ಉಳಿದ ಸ್ನಾಯುವಿಗೆ ಅತಿಯಾಗಿ ಕೆಲಸ ಕೊಟ್ಟರೆ ಇರುವ ಬಲವೂ ಹೋಗುತ್ತದೆ ಎಂದು 1958ರಲ್ಲಿ ಬೆನೆಟ್ ಮತ್ತು ನೋಲ್ಟನ್ ಬರೆದರು. ನರಕೋಶಗಳನ್ನೇ ಕೆಡಿಸುವ ಪೋಲಿಯೋ ಹರಡಿದ್ದ ಕಾಲದ ಅನುಭವವೂ ಅದನ್ನೇ ಹೇಳುತ್ತಿತ್ತು. ನನಗನ್ನಿಸುವಂತೆ ಈ ಎಚ್ಚರಿಕೆ ಸರಿಯೇ. ಆದರೆ ‘ಅತಿ ಬೇಡ’ ಎಂಬುದನ್ನು ‘ಏನೂ ಬೇಡ’ ಎಂದು ಕೇಳಿಸಿಕೊಂಡವರೂ ಇದ್ದಾರೆ, ಅಲ್ವಾ?

ಅಲ್ಲಿಯವರೆಗೆ ಚಿಂತೆಯೆಲ್ಲ ಸ್ನಾಯುವಿನದೇ. ಈ ಶತಮಾನದಲ್ಲಿ ಗಮನ ನರದ ಕಡೆ ಹೊರಳಿತು. 2000ದಲ್ಲಿ ಕೆನಡಾದ ಟೆಸ್ಸಾ ಗೋರ್ಡನ್ ತಂಡ ಇಲಿಯ ನರ ಜೋಡಿಸಿದ ಕೂಡಲೇ ಸೆಕೆಂಡಿಗೆ 20 ಮಿಡಿತದಂತೆ ಒಂದೇ ಗಂಟೆ ಕರೆಂಟ್ ಕೊಟ್ಟಿತು. ನರತಂತುಗಳು ಬೇಗ ಗುರಿ ಮುಟ್ಟಿದವು. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಇಂಗ್ಲಿಷ್ ಎಂಬುವರ ತಂಡ ಮಾಡಿದ್ದು ಇನ್ನೂ ಸರಳ: ಇಲಿಮರಿಯಂಥ ಪುಟ್ಟ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ನಡೆದವುಗಳ ನರ ಹೆಚ್ಚು ಬೆಳೆಯಿತು. ವಿಚಿತ್ರವೆಂದರೆ ಗಂಡಿಲಿಗೆ ಒಂದೇ ಸಮನೆ ನಿಧಾನ ನಡಿಗೆ ಹಿಡಿಸಿತು. ಹೆಣ್ಣಿಲಿಗೆ ನಡುನಡುವೆ ನಿಲ್ಲಿಸುತ್ತಾ ಸ್ವಲ್ಪಸ್ವಲ್ಪ ಹೊತ್ತು ಜೋರಾಗಿ ಓಡಿಸಿದಾಗಲೇ ಲಾಭ ಕಂಡಿತು.