ಹನ್ನೆರಡನೇ ಫ್ರೆಟ್‌ಗೆ ಕಿವಿ ಕೊಡಿ

ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಹೋದ ವರ್ಷ ಆನ್‌ಲೈನಲ್ಲಿ ಒಂದು ಅಗ್ಗದ ಉಕುಲೆಲೆ, ಅಂದರೆ ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ, ತರಿಸಿಕೊಂಡಳು. ಸ್ವರ ಸರಿಯಿದೆಯಾ ಅಂತ ಮುಳ್ಳಿನಲ್ಲಿ ತೋರಿಸುವ ಮೊಬೈಲಿನ ಟ್ಯೂನರ್ ನೋಡಿಕೊಂಡು ನಾಲ್ಕೂ ತಂತಿಗಳನ್ನು ಶ್ರುತಿ ಮಾಡುತ್ತಾಳೆ. ಖಾಲಿ ತಂತಿ ಮೀಟಿದರೆ ಇಂಪಾಗಿರುತ್ತದೆ. ಬೆರಳಿಟ್ಟು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದ ಕೂಡಲೇ ಅಪಸ್ವರ. ಎಂಟು ತಿಂಗಳು ಹೀಗೇ ನಡೆಯಿತು. ಕೊನೆಗೆ ಒಂದು ದಿನ, “ಮಾಮಾ, ನಂಗೆ ಕಿವಿನೇ ಇಲ್ಲ ಅನ್ಸುತ್ತೆ” ಅಂದಳು.

ನನಗೆ ತುಂಬಾ ಬೇಜಾರಾಯಿತು. ಅಪಸ್ವರ ಅಂತ ಗೊತ್ತಾಗುತ್ತಿದೆ ಅಂದರೆ ಕಿವಿ ಇದೆ ಅಂತಲೇ ಅಲ್ವಾ?

ಚಿತ್ರದುರ್ಗದಿಂದ ಅವರ ಮನೆಗೆ ಹೋದಾಗ ಆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿಗಳೇ ಫ್ರೆಟ್, ನಮ್ಮ ವೀಣೆಯ ಮೆಟ್ಟಿಲಿನ ಹಾಗೆ. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧಕ್ಕೆ ಬರುತ್ತದೆ. ತಂತಿ ಅರ್ಧವಾದರೆ ಕಂಪನ ಎರಡರಷ್ಟು, ಅಂದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಮೊದಲು ಆ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಸುಮ್ನೆ ಸೋಕಿಸಿ ಮೀಟಿದೆ. ಗಂಟೆಯಂಥ ತೆಳು ನಾದ ಬಂತು. ಟ್ಯೂನರಿನ ಮುಳ್ಳು ನಡುವೆಯೇ ನಿಂತಿತು. ಆಮೇಲೆ ಅದೇ ಜಾಗದಲ್ಲಿ ಒತ್ತಿ ಹಿಡಿದು ಮೀಟಿದೆ. ಮುಳ್ಳು ಬಲಕ್ಕೆ ವಾಲಿತು, ಅಂದರೆ ಸ್ವರ ಏರಿತ್ತು, 30 ಸೆಂಟ್‌ನಷ್ಟು. ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರದ ಅಂತರವನ್ನು 100 ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. 30 ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಯಾರ ಕಿವಿಗಾದರೂ ಚುಚ್ಚುತ್ತದೆ.

ಸ್ಕೇಲ್ ತಂದು ಅಳೆದೆ. ಹನ್ನೆರಡನೇ ಫ್ರೆಟ್‌ನಿಂದ ತಂತಿ ನಾಲ್ಕೂವರೆ ಮಿಲಿಮೀಟರ್ ಮೇಲಿತ್ತು. ಎರಡೂವರೆಯಿಂದ ಮೂರು ಇದ್ದರೆ ಸಾಕು. ಎತ್ತರ ಜಾಸ್ತಿಯಿದ್ದರೆ ಒತ್ತುವಾಗ ತಂತಿ ಹಿಗ್ಗುತ್ತದೆ, ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಬೆರಳೂ ನೋಯುತ್ತದೆ. ಇನ್ನೊಂದು ತಪ್ಪು ಕುದುರೆಯದ್ದು, ಅಂದರೆ ಹಲಗೆಯ ಮೇಲೆ ತಂತಿಗಳ ತುದಿಯನ್ನು ಹೊತ್ತಿರುವ ಪಟ್ಟಿಯದ್ದು. ಪ್ರತಿ ಫ್ರೆಟ್‌ಗೂ ಕಂಪನ ಸುಮಾರು 1.0595 ಪಟ್ಟು ಏರಬೇಕು ಅನ್ನುವ ಲೆಕ್ಕದಲ್ಲಿ ಫ್ರೆಟ್‌ಗಳ ಜಾಗ ನಿಗದಿಯಾಗಿರುತ್ತದೆ. ಕುದುರೆಯನ್ನು ಅಂಟಿಸುವಾಗ ಒಂದು ಮಿಲಿಮೀಟರ್ ಆಚೀಚೆಯಾದರೂ ಈ ಲೆಕ್ಕ ಕೆಡುತ್ತದೆ. 65 ಸೆಂಟಿಮೀಟರ್ ತಂತಿಯ ಗಿಟಾರಿನಲ್ಲಿ ಆ ಒಂದು ಮಿಲಿಮೀಟರಿಗೆ ಹನ್ನೆರಡನೇ ಫ್ರೆಟ್‌ನಲ್ಲಿ ಸುಮಾರು 2.7 ಸೆಂಟ್ ವ್ಯತ್ಯಾಸ. 35 ಸೆಂಟಿಮೀಟರಿನ ಚಿಕ್ಕ ಉಕುಲೆಲೆಯಲ್ಲಿ ಸುಮಾರು 5. ವಾದ್ಯ ಚಿಕ್ಕದಾದಷ್ಟೂ ಮಾಡುವವರ ಕೈ ಚೊಕ್ಕವಾಗಿರಬೇಕು. ಚಿಕ್ಕದು ತಾನೇ, ಅಗ್ಗದ್ದೇ ಸಾಕು ಅಂತ ನಾವು ಅಂದುಕೊಳ್ಳುವುದು ಇದಕ್ಕೆ ಪೂರ್ತಿ ಉಲ್ಟಾ.

ಹಾಗಾಗಿ ಮೊದಲ ಒಳ್ಳೆ ಉಕುಲೆಲೆ ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬಣ್ಣ, ಚಿತ್ತಾರ, ದನಿಯನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಎಲ್ಲ ಆಮೇಲೆ. ಮೊದಲು ನಾಲ್ಕೂ ತಂತಿಗಳಿಗೆ ಈ ಹನ್ನೆರಡನೇ ಫ್ರೆಟ್ ಪರೀಕ್ಷೆ ಮಾಡಿ. ಅಂಗಡಿಯವರು ಬೇಡ ಅನ್ನುವುದಿಲ್ಲ. ಒಂದು ವಿಷಯ ನೆನಪಿರಲಿ. ಹೊಸ ನೈಲಾನ್ ತಂತಿ ಒಂದು ವಾರ ಹಿಗ್ಗುತ್ತಲೇ ಇರುತ್ತದೆ, ಪದೇಪದೇ ಶ್ರುತಿ ಇಳಿಯುತ್ತದೆ. ಅದು ವಾದ್ಯದ ದೋಷವಲ್ಲ.

ಅಳತೆಯ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೊಪ್ರಾನೊ ಎಲ್ಲಕ್ಕಿಂತ ಚಿಕ್ಕದು, ಆಮೇಲೆ ಕಾನ್ಸರ್ಟ್, ಟೆನರ್. ದೊಡ್ಡವರ ಬೆರಳಿಗೆ ಸುಮಾರು 38 ಸೆಂಟಿಮೀಟರ್ ತಂತಿಯ ಕಾನ್ಸರ್ಟ್ ಹಿತವಾಗಿರುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಒಂದೇ ಶ್ರುತಿ: ಜಿ, ಸಿ, ಇ, ಎ. ಸಿ ಅನ್ನು ಷಡ್ಜ ಅಂದುಕೊಂಡರೆ ಪ, ಸ, ಗ, ದ.

ಮರದ ವಿಷಯಕ್ಕೆ ಬರೋಣ. ಬರೀ ತಂತಿ ತೀರಾ ಸಣ್ಣ, ಅದು ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಏಕತಾರಿಗೆ ಬುರುಡೆ ಹೇಗೋ ಉಕುಲೆಲೆಗೆ ಮೇಲಿನ ಹಲಗೆ ಹಾಗೆ. ತಂತಿಯ ಕಂಪನವನ್ನು ಕುದುರೆ ಹಲಗೆಗೆ ದಾಟಿಸುತ್ತದೆ, ಹಲಗೆ ಮತ್ತು ಒಳಗಿನ ಗಾಳಿ ಸೇರಿ ದನಿ ದೊಡ್ಡದಾಗುತ್ತದೆ. 1879ರಲ್ಲಿ ಪೋರ್ಚುಗಲ್‌ನ ಮಡೀರಾ ದ್ವೀಪದಿಂದ ಹವಾಯಿಗೆ ಹೋದ ಬಡಗಿಗಳು ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು. ಉಕುಲೆಲೆ ಹುಟ್ಟಿದ್ದು ಹಾಗೆ. ಕೋವಾ ಹವಾಯಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಆದರೆ ಅದರ ದಾಯಾದಿಯನ್ನು ನಾವೆಲ್ಲ ನೋಡಿದ್ದೇವೆ. ಶಿವಮೊಗ್ಗ ಕಡೆ ಹೋಗುವಾಗ ಸಾಲುಸಾಲಾಗಿ ಕಾಣುವ ಅಕೇಶಿಯಾ ಅದೇ ಕುಲದ್ದು. ಎರಡಕ್ಕೂ ಕುಡುಗೋಲಿನಂಥ ಎಲೆ. ನಿಜವಾಗಿ ಅದು ಎಲೆಯಲ್ಲ, ಚಪ್ಪಟೆಯಾದ ತೊಟ್ಟು.

ಇಡೀ ಮರದ ಹಲಗೆಯೋ ಪ್ಲೈವುಡ್ಡೋ ಅಂತ ತಿಳಿಯಬೇಕಾದರೆ ನಡುವಿನ ತೂತಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದು ಬಂದಿದ್ದರೆ ಇಡೀ ಮರ. ಬಿಸ್ಕತ್ತಿನ ಹಾಗೆ ಪದರ ಕಂಡರೆ ಪ್ಲೈವುಡ್. ಇಡೀ ಮರದ ದನಿಗೆ ತುಂಬು ಜಾಸ್ತಿ, ನಿಜ. ಆದರೆ ನಮ್ಮ ಬಯಲುಸೀಮೆಯ ಹವೆಯನ್ನೂ ನೋಡಬೇಕು. ಮರ ತೇವ ಕಳೆದುಕೊಂಡಾಗ ಗೆರೆಗೆ ಅಡ್ಡವಾಗಿ ಕುಗ್ಗುತ್ತದೆ. ಚಿತ್ರದುರ್ಗದ ಏಪ್ರಿಲ್ ಗಾಳಿಗೆ ಬಾಗಿಲೇ ಸೀಳು ಬಿಡುತ್ತದೆ, ಇನ್ನು ಎರಡು ಮಿಲಿಮೀಟರಿನ ಹಲಗೆ ಯಾವ ಲೆಕ್ಕ? ಪ್ಲೈವುಡ್ಡಿನಲ್ಲಿ ಪದರಗಳನ್ನು ಅಡ್ಡ ಉದ್ದ ಅಂಟಿಸಿರುವುದರಿಂದ ಒಂದು ಇನ್ನೊಂದನ್ನು ಹಿಡಿದಿಡುತ್ತದೆ. ಜೋಪಾನ ಮಾಡಲು ಆಗದಿದ್ದರೆ ಚೊಕ್ಕವಾಗಿ ಮಾಡಿದ ಪ್ಲೈವುಡ್ ಉಕುಲೆಲೆಯೇ ವಾಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಮ್ಮ ಹುಡುಗಿ ಅಂಗಡಿಯಲ್ಲಿ ಐದು ಉಕುಲೆಲೆ ಇಳಿಸಿಸಿದಳು. ಒಂದೊಂದರ ಹನ್ನೆರಡನೇ ಫ್ರೆಟ್ ಒತ್ತಿ ನೋಡಿದಳು. ನಾಲ್ಕನೆಯದರಲ್ಲಿ ಮುಳ್ಳು ಅಲ್ಲಾಡಲಿಲ್ಲ. ಮೇಲೆ ಇಡೀ ಮರದ ಹಲಗೆ, ಬಣ್ಣ ಅವಳಿಗೆ ಅಷ್ಟು ಇಷ್ಟವಾಗಲಿಲ್ಲ, ಆದರೂ ಅದನ್ನೇ ತಂದಳು. ಈಗ ಅದರ ಕೇಸಿನೊಳಗೆ ತೂತು ಮಾಡಿದ ಸೋಪಿನ ಡಬ್ಬಿ ಇದೆ, ಅದರಲ್ಲಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜು. ಹವೆಯ ತೇವ ನೂರಕ್ಕೆ 40ರಿಂದ 60 ಇದ್ದರೆ ಮರಕ್ಕೆ ಕ್ಷೇಮ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಸ್ಪಂಜು ಒಣಗಿದೆಯಾ ಅಂತ ಬೆರಳಿಟ್ಟು ನೋಡುತ್ತಾಳೆ, ಆಮೇಲೆ ನುಡಿಸಲು ಕೂರುತ್ತಾಳೆ.